ಯರ್ರಮ್ಮನಿಗೆ ಇಲ್ಲದ ತಂಗಿ

“ಇವಳು ನನ್ನ ತಂಗಿ ಮಗಳು. ನನ್ನ ಕಾರ್ಡಿಗೆ ಇವಳ ಅಕ್ಕೀನೂ ಸೇರಿಸಿ ತೂಗಪ್ಪ,” ಎಂದಳು ಯರ್ರಮ್ಮ, ರೇಷನ್ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ಮೊದಲ ವೃತ್ತದೊಳಗೆ ನಿಂತು.

ಅಂಗಡಿಯ ಮುರುಗೇಂದ್ರಪ್ಪ ತಕ್ಕಡಿಯಿಂದ ತಲೆ ಎತ್ತಿದ. “ಯರ್ರಮ್ಮಕ್ಕ, ನಿಮ್ಮವ್ವಗೆ ನೀವೊಬ್ರೇ ಮಗಳಲ್ವಾ? ತಂಗಿ ಯಾವಾಗ ಹುಟ್ಟಿದ್ಲು?”

“ಈ ಲಾಕ್‌ಡೌನಲ್ಲೇ ಹುಟ್ಟಿದ್ಲು. ಮನೇಲಿ ಕೂತು ಎಲ್ರಿಗೂ ಇನ್ನೇನು ಕೆಲಸ ಐತೆ?”

ಸಾಲಿನಲ್ಲಿದ್ದ ಹೆಂಗಸರು ಮಾಸ್ಕಿನೊಳಗೇ ನಕ್ಕರು. ಬಣ್ಣ ಕೂಡದೆ ಮಾರಾಟವಾಗದ ಒಂದು ರೇಷ್ಮೆ ಸೀರೆಯನ್ನು ಕತ್ತರಿಸಿ ಯರ್ರಮ್ಮನೇ ಇಡೀ ಓಣಿಗೆ ಹೊಲಿದುಕೊಟ್ಟ ಮಾಸ್ಕುಗಳು ಅವು. ಪುಕ್ಕಟೆ ಅಕ್ಕಿಗೆ ನಿಂತವರ ಮುಖದ ಮೇಲೆಲ್ಲ ಜರಿಯ ಅಂಚು ಮಿನುಗುತ್ತಿತ್ತು. ಮುರುಗೇಂದ್ರಪ್ಪನೂ ನಕ್ಕ. ಹಸಿದವರನ್ನು ಬರಿಗೈಲಿ ಕಳಿಸುವ ಮನುಷ್ಯ ಅವನಲ್ಲ. “ಏನಮ್ಮ, ಇವರ ತಂಗಿ ಮಗಳೇನು ನೀನು? ಹೂಂ ಅಂದ್ಬಿಡು, ತೂಗ್ತೀನಿ.”

ಪಾಲಮ್ಮ ಮಗುವನ್ನು ಸೊಂಟಕ್ಕೆ ಒತ್ತಿಕೊಂಡಳು. ರಾಯದುರ್ಗದ ಕಡೆಯ ಹಳ್ಳಿಯಿಂದ ಯರ್ರಮ್ಮನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂಲಿಗೆ ಬಂದವಳು ಅವಳು. ಒಂದು ಬೆಳಗ್ಗೆ ಎದ್ದು ನೋಡಿದರೆ ಊರಿಗೆ ಹೋಗುವ ದಾರಿಗೆ ಅಡ್ಡವಾಗಿ, ಅಜ್ಜಿಯ ಕಥೆಯ ಹುತ್ತದಂತೆ, ಮಣ್ಣಿನ ದಿಬ್ಬ ಬೆಳೆದು ನಿಂತಿತ್ತು. ಆ ಕಡೆ ಆಂಧ್ರ, ಈ ಕಡೆ ಕರ್ನಾಟಕ, ನಡುವೆ ಗಡಿ ಬಂದ್. ನೂಲು ಬರುವುದು ನಿಂತು ಮಗ್ಗವೂ ಮಲಗಿತು. ಅಂದಿನಿಂದ ತಾಯಿ ಮಗು ಇಬ್ಬರ ಊಟವೂ ಯರ್ರಮ್ಮನ ಗಡಿಗೆಯಿಂದಲೇ. ಆ ಗಡಿಗೆಯೂ ಈಗ ತಳ ಕಾಣುತ್ತಿತ್ತು. ಒಂದು ಹೂಂ ಅಂದರೆ ಸಾಕಿತ್ತು.

“ಅಲ್ಲಣ್ಣ,” ಎಂದಳು ಪಾಲಮ್ಮ. “ನಾನು ರಾಯದುರ್ಗದ ಕಡೆಯೋಳು. ಕೂಲಿಗೆ ಬಂದೋಳು.”

ಯರ್ರಮ್ಮನ ಮುಖ ಕೆಂಪಾಯಿತು. “ದಾರೀಲೆಲ್ಲ ಹೇಳಿಕೊಟ್ಟೆನಲ್ಲೇ. ಓಣಿಯೋರ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲೇ.”

ಪಾಲಮ್ಮ ಬೇವಿನ ಮರದ ಕಡೆ ನೋಡಿದಳು. ಮಗ್ಗಕ್ಕೆ, ಗಾರೆ ಕೆಲಸಕ್ಕೆ ಎಂದು ಅವಳ ಕಡೆಯಿಂದಲೇ ಬಂದು ಸಿಕ್ಕಿಕೊಂಡವರು ಅಲ್ಲಿ ನಿಂತಿದ್ದರು. ಮುದುಕ ಮಾರಣ್ಣ ಮರಕ್ಕೆ ಒರಗಿದ್ದ. ಅವರಿಗೆ ಯಾರೂ ವೃತ್ತ ಬರೆದಿರಲಿಲ್ಲ.

“ನಿನ್ನ ದಯದಿಂದ ನನ್ನ ಕೂಸು ಒಂದು ದಿನಾನೂ ಹಸಿದು ಮಲಗಿಲ್ಲ ಪೆದ್ದಮ್ಮ,” ಎಂದಳು, ದೊಡ್ಡಮ್ಮ ಎಂಬುದನ್ನು ತನ್ನ ತೆಲುಗಿನಲ್ಲಿ. “ಅದನ್ನ ಸಾಯೋತನಕ ಮರೆಯಲ್ಲ. ಆದ್ರೆ ನಾನು ನಿನ್ನ ತಂಗಿ ಮಗಳಾದ್ರೆ ಅಕ್ಕಿ ನನಗೊಬ್ಬಳಿಗೇ. ಅವರಿಗೆಲ್ಲ ಪೆದ್ದಮ್ಮನ್ನ ಎಲ್ಲಿಂದ ತರಾನ?” ಆಮೇಲೆ ಅಂಗಡಿಯ ಕಡೆ ತಿರುಗಿದಳು. “ಕಾರ್ಡ್ ಇಲ್ಲದ ಹೊರಗಿನೋರಿಗೂ ಕೊಡ್ತಾರೆ ಅಂತ ಟಿವೀಲಿ ಬಂತಲ್ಲಣ್ಣ. ನನಗೆ ನನ್ನ ಹೆಸರಲ್ಲೇ ಕೊಡ್ರಿ.”

“ಟಿವಿಗೆ ಬಂದೈತೆ, ನನಗೆ ಬಂದಿಲ್ಲಮ್ಮ. ಈಗ ಬ್ಯಾಡ ಅಂದ್ರೆ ಇವತ್ತು ನಿನಗೆ ಒಂದು ಕಾಳೂ ಇಲ್ಲ. ಕೂಸಿನ ಮುಖ ನೋಡು.”

ಪಾಲಮ್ಮ ನೋಡಿದಳು. ನೋಡಿ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಬೇವಿನ ಮರದಡಿ ಹೋಗಿ ನಿಂತಳು.

ಯರ್ರಮ್ಮ ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ಬೈದಳು. ಬೈಯುತ್ತ ಬೈಯುತ್ತ ಮರದ ಕಡೆ ನೋಡಿದವಳು ಮಾತು ನಿಲ್ಲಿಸಿದಳು. ವೃತ್ತದಿಂದ ಹೊರಗೆ ಕಾಲಿಟ್ಟಳು.

“ನನ್ನದು ಆಮೇಲೆ ತೂಗು. ಮೊದಲು ತಾಲ್ಲೂಕು ಆಫೀಸಿಗೆ ಫೋನ್ ಮಾಡಿ ಕೇಳು.”

“ನಿಮ್ಮದಕ್ಕೂ ಅದಕ್ಕೂ ಏನು ಸಂಬಂಧ ಅಕ್ಕ?”

“ಫೋನ್ ಮಾಡಪ್ಪ.”

ಮುರುಗೇಂದ್ರಪ್ಪ ಎರಡನೇ ವೃತ್ತದ ಲಕ್ಷ್ಮೀದೇವಿಯನ್ನು ಕರೆದ. “ನನಗೇನೂ ಅವಸರ ಇಲ್ರಿ,” ಎಂದಳು ಅವಳು. “ಮನೇಲಿ ಗಂಡ ಬಿಟ್ರೆ ಬೇರೆ ಯಾರೂ ಹಸಿದಿಲ್ಲ.” ಅವಳ ಹಿಂದಿನವಳೂ ಮುಂದೆ ಬರಲಿಲ್ಲ, ಆಕೆಯ ಹಿಂದಿನವಳೂ ಬರಲಿಲ್ಲ. ಬಿಸಿಲು ಏರಿತು. ಮೊದಲ ವೃತ್ತ ಮಾತ್ರ, ಯಾರೋ ಮಂತ್ರ ಹಾಕಿಟ್ಟ ಗೆರೆಯ ಹಾಗೆ, ಖಾಲಿಯೇ ಉಳಿಯಿತು.

ಅವನು ಫೋನ್ ಮಾಡಿದ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಇನ್ನೊಬ್ಬರು ಮತ್ತೊಬ್ಬರಿಗೆ. ಹೂಂ ಸಾರ್, ಹೂಂ ಸಾರ್ ಎನ್ನುತ್ತ ಅಂಗಡಿಯೊಳಗೆ ಅತ್ತಿಂದಿತ್ತ ಓಡಾಡಿದ. ಕೊನೆಗೆ ಹೊರಗೆ ಬಂದು, “ಆಧಾರ್ ನೋಡಿ ಕೊಡಬಹುದಂತೆ. ಎಲ್ರಿಗೂ,” ಎಂದ. ದನಿಯಲ್ಲಿ ಅವನಿಗೇ ಯಾರೋ ಅಕ್ಕಿ ಕೊಟ್ಟ ಹಾಗಿತ್ತು. ಸುಣ್ಣದ ಡಬ್ಬಿ ತಂದು, ಮೊಣಕಾಲು ಊರಿ, ಬೇವಿನ ಮರದವರೆಗೂ ತಾನೇ ವೃತ್ತ ಬರೆದ. ಮಾರಣ್ಣ ಒಂದು ವೃತ್ತದೊಳಗೆ ನಿಂತು ಅವನಿಗೆ ಕೈ ಮುಗಿದ. ಮುರುಗೇಂದ್ರಪ್ಪ ಸುಣ್ಣದ ಕೈಯಲ್ಲೇ ಮುಗಿದು, ಹಣೆಗೂ ಸುಣ್ಣ ಮೆತ್ತಿಕೊಂಡ.

ಮನೆಯ ದಾರಿಯಲ್ಲಿ ಯರ್ರಮ್ಮ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

“ಕೋಪನಾ ಪೆದ್ದಮ್ಮ?”

“ಇದ್ದ ಒಬ್ಬ ತಂಗೀನೂ ಕಳಕೊಂಡೆ. ಕೋಪ ಬರಲ್ವಾ?”

ಪಾಲಮ್ಮ ನಕ್ಕು ಅಕ್ಕಿಯ ಚೀಲವನ್ನು ತಲೆಯ ಮೇಲೆ ಸರಿ ಮಾಡಿಕೊಂಡಳು. “ಇವತ್ತು ನಮ್ಮನೇಲಿ ಊಟ. ನೀನು ಬರಬೇಕು.”

ಅವಳ ಮನೆಯೆಂದರೆ ಯರ್ರಮ್ಮನ ಹಿತ್ತಲ ಕಡೆಯ ಮಗ್ಗದ ಕೋಣೆ. ನಿನಗೆಲ್ಲಿ ಬಂತೇ ಮನೆ ಎಂಬ ಮಾತು ಯರ್ರಮ್ಮನ ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು. “ನಿಮ್ಮ ಕಡೆ ಖಾರ ಜಾಸ್ತಿ,” ಎಂದಳು. “ಕಡಿಮೆ ಹಾಕು, ಬರ್ತೀನಿ.”

ಹೊತ್ತು ನೆತ್ತಿಗೆ ಬಂದಾಗ ಹಿತ್ತಲಿನಿಂದ ಅನ್ನ ಬೇಯುವ ವಾಸನೆ ಬಂತು. ಯರ್ರಮ್ಮ ಮುಖ ತೊಳೆದು, ಸೀರೆ ಬದಲಿಸಿ, ತಲೆ ಬಾಚಿಕೊಂಡಳು. ತಾನು ಕಟ್ಟಿಸಿದ ಮಗ್ಗದ ಕೋಣೆಯ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಒಳಗಿನಿಂದ ಕರೆ ಬರುವವರೆಗೂ ಕಾಯುತ್ತ ನಿಂತಳು.