ಬಿಳಿ ಬೊಟ್ಟು

ಬೊಟ್ಟು ಇನ್ನೂ ಒಣಗಿರಲಿಲ್ಲ. ಚಿಕ್ಕ ಮೇಸ್ತ್ರಿ ಬೆರಳಿನಿಂದ ಮುಟ್ಟಿ ನೋಡಿದ. ತುದಿಗೆ ಬಿಳಿ ಬಣ್ಣ ಅಂಟಿತು.

ಊಟಕ್ಕೆ ಹೋಗುವ ಮುಂಚೆ ಹಳೇ ಜೀಪಿನ ರೇಡಿಯೇಟರ್ ಪೈಪಿನ ಕ್ಲ್ಯಾಂಪನ್ನು ಅವನೇ ಸಡಿಲಿಸಿದ್ದ. ನೀರು ಸೋರಲಿ ಎಂದೇ. ಷೆಡ್ಡಿನ ಶಟರ್ ಎಳೆದು, ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದ್ದ. ಅತ್ತಿಗೆ ಬಡಿಸಿದ್ದನ್ನು ಉಂಡು, ಜಗಲಿಯಲ್ಲಿ ಒಂದು ಗಂಟೆ ಅಡ್ಡಾಗಿ ಬರುವಷ್ಟರಲ್ಲಿ ಕ್ಲ್ಯಾಂಪು ಬಿಗಿಯಾಗಿತ್ತು. ಸ್ಕ್ರೂ ತಲೆಯ ಮೇಲೆ ಅರ್ಧ, ಪಟ್ಟಿಯ ಮೇಲೆ ಅರ್ಧ, ಪುಟ್ಟದೊಂದು ಬಿಳಿ ಬೊಟ್ಟು.

ಆ ಬೊಟ್ಟು ಅಣ್ಣನದು. ಅಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು.

ಅಣ್ಣ ಎಂದರೆ ಬೀದಿಗೆಲ್ಲ ದೊಡ್ಡ ಮೇಸ್ತ್ರಿ. ಕೊನೆಯದಾಗಿ ಬಿಗಿದ ಪ್ರತಿ ನಟ್ಟಿನ ಮೇಲೂ ಅವನ ಬೊಟ್ಟು ಇರುತ್ತಿತ್ತು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಬೊಟ್ಟು ಎರಡು ಹೋಳಾಗಿ ಗುಟ್ಟು ಬಿಟ್ಟುಕೊಡುತ್ತಿತ್ತು. ಬೊಟ್ಟಿದ್ದ ಗಾಡಿ ದಾರಿಯಲ್ಲಿ ನಿಂತದ್ದನ್ನು ಯಾರೂ ಕೇಳಿಲ್ಲ. ವಿಚಿತ್ರವೆಂದರೆ, ಇಪ್ಪತ್ತು ವರ್ಷದ ಹಿಂದೆ ಕೈ ನಡುಕ ಹತ್ತಿಕೊಂಡಾಗಲೇ ಬೊಟ್ಟೂ ಶುರುವಾಗಿತ್ತು. ಟೀ ಲೋಟ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಉಳಿದದ್ದನ್ನು ಅಣ್ಣನ ಅಂಗಿಯೇ ಕುಡಿಯುತ್ತಿತ್ತು. ‘ಅದೇ ಕೈಗೆ ಸ್ಪ್ಯಾನರ್ ಕೊಡಿ, ಕಲ್ಲಿನ ಹಾಗೆ ಅಲುಗಲ್ಲ!’ ಎಂದು ಗಿರಾಕಿಗಳು ಬೆರಗಾಗುತ್ತಿದ್ದರು.

ಕೊನೆಯ ಬಿಗಿತದ ಹೊತ್ತಿಗೆ ಮಾತ್ರ ಷೆಡ್ಡಿನಲ್ಲಿ ಯಾರೂ ಇರಕೂಡದು. ತಮ್ಮನೂ ಆಚೆ. ಶಟರ್ ಬೀಳುತ್ತಿತ್ತು. ಅಡುಗೆಮನೆಯ ಕಡೆಯ ಸಣ್ಣ ಬಾಗಿಲಿನಿಂದ ಅತ್ತಿಗೆ ಟೀ ಕೊಟ್ಟುಹೋಗುತ್ತಿದ್ದಳು, ಅಷ್ಟೇ. ಸದಾ ಉಗುರಿನ ಸಂದಿಯಲ್ಲಿ ಹಿಟ್ಟು ಮೆತ್ತಿಕೊಂಡಿರುವ, ನಟ್ಟಿಗೂ ಬೋಲ್ಟಿಗೂ ವ್ಯತ್ಯಾಸ ತಿಳಿಯದ ಅತ್ತಿಗೆ.

ಬೆಟ್ಟಗಳನ್ನು ಹತ್ತಿಳಿದು, ಉಪ್ಪಿನ ಬಯಲು ದಾಟಿ, ಆ ಕಡೆಯ ಸಮುದ್ರ ನೋಡಿ ಬರಬೇಕೆಂಬುದು ಅಣ್ಣನ ಹುಚ್ಚು. ಆರು ವಾರದ ದಾರಿ. ಅದಕ್ಕೆಂದೇ ಗುಜರಿಗೆ ಹೋಗಬೇಕಿದ್ದ ಜೀಪನ್ನು ತಂದಿದ್ದ. ನಾಲ್ಕು ಚಕ್ರವೂ ಎಳೆಯುವ ಗಾಡಿ. ಪ್ರಾಣ ಹೋಗುವಾಗ ತಮ್ಮನ ಕೈ ಹಿಡಿದು, “ಹೇಳಿದ ಭಾನುವಾರವೇ ಗಾಡಿ ಹೊರಡ್ಬೇಕು ಕಣೋ. ಜೊತೆಗೆ ನೀನಿರು” ಎಂದಿದ್ದ. ಚಿಕ್ಕ ಮೇಸ್ತ್ರಿ “ಆಯ್ತಣ್ಣ” ಎಂದುಬಿಟ್ಟಿದ್ದ. ಸಾಯುವವನೆದುರು ಆಗುವುದಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಅವನಿಗೆ ದಾರಿಯ ಭಯವಿರಲಿಲ್ಲ, ತನ್ನ ಕೈಯ ಭಯ. ಮೂವತ್ತು ವರ್ಷ ಬಿಚ್ಚಿದ್ದ, ತೊಳೆದಿದ್ದ, ಜೋಡಿಸಿದ್ದ. ಕೊನೆಯ ಬಿಗಿತ ಎಂದೂ ಅವನ ಪಾಲಿಗೆ ಬಂದಿರಲಿಲ್ಲ. ಉಪ್ಪಿನ ಬಯಲಿನ ನಟ್ಟನಡುವೆ ಗಾಡಿ ಕೈಕೊಟ್ಟರೆ ಬೊಟ್ಟಿಡುವವರು ಯಾರು? ನನ್ನ ಕೈಲಾಗದು ಎಂದು ಬೀದಿಯವರೆದುರು ಒಪ್ಪಿಕೊಂಡರೆ ಇದ್ದ ಮರ್ಯಾದೆಯೂ ಮಣ್ಣುಪಾಲು. ಗಾಡಿಯೇ ಲಾಯಕ್ಕಿಲ್ಲ ಎಂದರೆ ಯಾರೂ ತುಟಿಪಿಟಕ್ಕೆನ್ನುವಂತಿಲ್ಲ.

ಹಾಗಾಗಿ ಸೋಮವಾರ ಫ್ಯಾನ್ ಬೆಲ್ಟ್ ಸಡಿಲಿಸಿದ. ಊಟ ಮುಗಿಸಿ ಬಂದರೆ ಬೆಲ್ಟ್ ಬಿಗಿ, ಬೊಟ್ಟು ಹಸಿ. ಮಂಗಳವಾರ ಸ್ಪ್ರಿಂಗ್ ಪಟ್ಟಿಯನ್ನು ಅಚ್ಚಿಗೆ ಬಿಗಿಯುವ ಯು-ಬೋಲ್ಟ್. ಬುಧವಾರ ಪೆಟ್ರೋಲ್ ಪೈಪು. ಅಣ್ಣನ ಬಣ್ಣದ ಡಬ್ಬಿ ಒಣಗಿಹೋಗಿತ್ತು, ಅವನೇ ಕಸಕ್ಕೆ ಎಸೆದಿದ್ದ. ಆದರೂ ಬೊಟ್ಟುಗಳು ಬರುತ್ತಲೇ ಇದ್ದವು.

ಗುರುವಾರ ಡ್ರೈವರ್ ಸೀಟು ಮುಂದಕ್ಕೆ ಸರಿದಿತ್ತು. ಅಣ್ಣ ಆರಡಿ ಆಳು, ಸೀಟನ್ನು ಹಿಂದಕ್ಕೆ ತಳ್ಳಿಯೇ ಕೂರುತ್ತಿದ್ದವನು. ಕೊನೆಕೊನೆಗೆ ಹಾಸಿಗೆಯಲ್ಲಿ ಮಗುವಿನಷ್ಟಾಗಿದ್ದ. ಅದೇ ಅಳತೆಯಲ್ಲಿ ಬಂದು ಕೂರುತ್ತಿದ್ದಾನೆ ಎಂದುಕೊಂಡಾಗ ಚಿಕ್ಕ ಮೇಸ್ತ್ರಿಯ ಕಣ್ಣು ತುಂಬಿತು. ನಡುಮಧ್ಯಾಹ್ನದ ಬಿಸಿಲು ಶಟರಿನಡಿ ನುಗ್ಗುತ್ತಿತ್ತು. “ಸಾಕು ಬಿಡಣ್ಣ” ಎಂದ, ಖಾಲಿ ಸೀಟಿಗೆ.

ಶುಕ್ರವಾರ ಹಠಕ್ಕೆ ಬಿದ್ದು ಮತ್ತೆ ಅದೇ ಯು-ಬೋಲ್ಟ್ ಬಿಚ್ಚಿದ. ಮತ್ತೆ ಬೊಟ್ಟು.

ಇವತ್ತು ಶನಿವಾರ. ಅಣ್ಣ ಹೇಳಿದ ಭಾನುವಾರ ನಾಳೆಯೇ. ಬಿಳಿ ಹತ್ತಿದ ಬೆರಳನ್ನು ಹಾಗೇ ಹಿಡಿದುಕೊಂಡು ಅವನು ಸೀದಾ ಅಡುಗೆಮನೆಗೆ ಹೋದ. ಅವನ ಭುಜಕ್ಕೂ ಬಾರದ ಅತ್ತಿಗೆ ಒಲೆಯ ಮುಂದೆ ಟೀ ಸೋಸುತ್ತಿದ್ದಳು.

“ಅತ್ತಿಗೆ, ಅಣ್ಣ ಬರ್ತಿದ್ದಾನೆ.”

ಅವಳು ತಿರುಗಲಿಲ್ಲ. “ಎಲ್ಲಿಗೆ?”

“ಷೆಡ್ಡಿಗೆ. ದಿನಾ. ನಾನು ಬಿಚ್ಚಿದ್ದನ್ನೆಲ್ಲ ಬಿಗಿದು ಹೋಗ್ತಿದ್ದಾನೆ.”

ಹೇಳಹೊರಟದ್ದು ಅಷ್ಟೇ. ಆದರೆ ಬಾಯಿ ನಿಲ್ಲಲಿಲ್ಲ. ಸಡಿಲಿಸಿದ್ದು, ಯಾಕೆ ಸಡಿಲಿಸಿದ್ದು, ಎಲ್ಲ ಕಾರಿಕೊಂಡ. ಅರವತ್ತರ ಗಂಡಸು ಅತ್ತಿಗೆಯ ಮುಂದೆ ಬಿಕ್ಕಿ ಬಿಕ್ಕಿ ಅತ್ತ.

“ಆ ಕೈ ಇಲ್ದೆ ಅಷ್ಟು ದೂರ ಹೇಗೆ ಹೋಗ್ಲಿ ಅತ್ತಿಗೆ?”

“ಆ ಕೈ ಇದ್ರೆ ಹೋಗ್ತೀಯಾ?”

“ಕಣ್ಣು ಮುಚ್ಕೊಂಡು ಹೋಗ್ತೀನಿ.”

“ನಿಮ್ಮಣ್ಣ ನಿಂಗೆ ಗಾಡಿ ಓಡ್ಸು ಅಂದ್ರಾ?”

ಅವನು ಮೂಗೊರೆಸಿಕೊಂಡು ಯೋಚಿಸಿದ. “ಇಲ್ಲ. ಜೊತೆಗಿರು ಅಂದ.”

“ಮತ್ತೆ?”

ಅಂಚಿನವರೆಗೂ ತುಂಬಿದ ಲೋಟವನ್ನು ಅವಳು ಒಂದೇ ಕೈಯಲ್ಲಿ ಎತ್ತಿ ತಂದು ಅವನ ಮುಂದಿಟ್ಟಳು. ಒಂದು ಹನಿಯೂ ತುಳುಕಲಿಲ್ಲ.

“ಇನ್ನು ಆ ಯು-ಬೋಲ್ಟಿಗೆ ಕೈ ಹಾಕ್ಬೇಡ ಮಾರಾಯ. ನೀನು ಬಿಚ್ಚೋದು, ನಾನು ಬಿಗಿಯೋದು, ತ್ರೆಡ್ಡೇ ಸವೆದು ಹೋಗ್ತಿದೆ.”

ಲೋಟದ ಮೇಲೆ ಅವಳ ಹೆಬ್ಬೆರಳಿನ ಗುರುತು ಬಿಳಿಯಾಗಿ ಮೂಡಿತ್ತು, ಇನ್ನೂ ಒಣಗಿರಲಿಲ್ಲ. ಇಪ್ಪತ್ತು ವರ್ಷ ಅವನು ಹಿಟ್ಟು ಎಂದುಕೊಂಡದ್ದು ಅದನ್ನೇ.