ಸೋದರಮಾವನ ಕೋಕೋ ತೋಟ

ಘಾನಾದ ಆ ಹಳ್ಳಿಯಲ್ಲಿ ಗಂಡಸಿನ ಆಸ್ತಿ ಹೆತ್ತ ಮಗನಿಗಲ್ಲ, ಸೋದರಳಿಯನಿಗೆ. ಅದನ್ನೇ ನಂಬಿ ಕ್ವಾಕು ಮೀಸೆ ಮೂಡುವ ಮೊದಲೇ ಅಪ್ಪನ ಮನೆ ಬಿಟ್ಟು, ಸೋದರಮಾವನ ಕೋಕೋ ತೋಟದಲ್ಲಿ ಮೈಮುರಿದು ದುಡಿದಿದ್ದ. ಹೋದ ಸುಗ್ಗಿಯಲ್ಲಿ ಊರ ಸಭೆ ಸೇರಿ, ಇನ್ನು ಮಕ್ಕಳಿಗೇ ಕೊಟ್ಟರೆ ಹೇಗೆ ಎಂಬ ಮಾತೆದ್ದಾಗ, ಎದ್ದು ನಿಂತು ಗಂಟಲು ಹರಿದುಕೊಂಡವನೂ ಅವನೇ.

"ಅಳಿಯನಿಗೆ ಸೇರ್ಬೇಕಾದ್ದನ್ನ ಮಗನಿಗೆ ಕೊಡೋನು ಕುಲದ್ರೋಹಿ!"

ಸಭೆ ಅದನ್ನು ಅವರವರ ಇಷ್ಟಕ್ಕೆ ಬಿಟ್ಟು ಎದ್ದಿತು.

ಇವತ್ತು ಮಾವ ಹಿರಿಯರ ಎದುರಿಗೇ ತೋಟವನ್ನು ತನ್ನ ಮಗನಿಗೆ ವಹಿಸಿಬಿಟ್ಟ.

"ಹಂಗಾದ್ರೆ ನಾನು, ಮಾವಾ?"

"ಕಾಲ ಬದಲಾಯ್ತಪ್ಪಾ. ನಿಂಗೂ ಅಪ್ಪ ಇದ್ದಾನಲ್ಲ, ಅವನ ತೋಟ ಏನು ಸಣ್ಣದಾ? ಹೋಗಿ ಕೇಳು."

ತಾನೇ ನೆಟ್ಟ ಗಿಡಗಳ ನಡುವೆ ಹಾದು, ಮಾವನಿಗೆ ಶಾಪ ಹಾಕುತ್ತ ಕ್ವಾಕು ಅಪ್ಪನ ಮನೆಗೆ ನಡೆದ. ಅಲ್ಲಿ ಅಂಗಳದ ತುಂಬ ನೆಂಟರು. ಅಪ್ಪ ಓಡಿಬಂದು ತಬ್ಬಿಕೊಂಡ.

"ಅಪ್ಪಾ, ಮಾವ ಕೈಬಿಟ್ಟ. ಇನ್ನು ನೀನೇ ಗತಿ."

ಅಪ್ಪನ ಕೈ ಸಡಿಲವಾಯಿತು.

"ನಿಂಗೇ ಕೊಡ್ಬೇಕು ಅಂತಿದ್ದೆ ಕಣೋ. ಆದ್ರೆ ಸಭೇಲಿ ನೀನು ಹಂಗೆ ಕೂಗಿದ್ಮೇಲೆ ನಾನು ಹೆಂಗೆ ಕುಲದ್ರೋಹಿ ಆಗ್ಲಿ? ಇಗೋ, ಈಗಷ್ಟೇ ತೋಟಾನೆಲ್ಲ ನನ್ನ ತಂಗಿ ಮಗನಿಗೆ ಕೊಟ್ಟೆ."