ಕಡಲಹೂವಿನ ತುತ್ತು

ದರ್ಜಿ ಇಕ್ಕಳದಲ್ಲಿ ಸಿಗಡಿಯ ಚೂರು ಹಿಡಿದು, ಉಪ್ಪುನೀರಿನ ಅಕ್ವೇರಿಯಮ್ಮಿನ ತಳಕ್ಕೆ ಜಾರಿಬಿದ್ದಿದ್ದ ಕಡಲಹೂವಿನ ಬಾಯಿಗಿಟ್ಟ. ಚೂರು ಉರುಳಿಬಿತ್ತು. ಹೂವಿನಂತೆ ಎಳೆಎಳೆಯಾಗಿ ಅರಳಿ ಆಡುತ್ತಿದ್ದ ಆ ಕಡಲಜೀವಿ ಈಗ ಮುದುಡಿ, ಬಾಯಿ ಬಿಟ್ಟುಕೊಂಡೇ ಇತ್ತು.

“ನಾರ್ತಿದೆ ಕಣ್ರೀ, ತೆಗೆದುಬಿಡಿ. ನೀರು ಕೆಟ್ರೆ ಮೀನೂ ಹೋಗುತ್ತೆ,” ಎಂದಳು ಹೆಂಡತಿ.

“ಇನ್ನೂ ಜೀವ ಇದೆ ಕಣೇ. ಚೇತರಿಸ್ಕೊಳ್ಳುತ್ತೆ.”

ಅಷ್ಟರಲ್ಲಿ, ಆ ಎಳೆಗಳ ನಡುವೆಯೇ ಬೆಳೆದಿದ್ದ ಕಿತ್ತಳೆ ಮೀನು ಚೂರನ್ನು ಎತ್ತಿಕೊಂಡಿತು. ತಾನು ತಿನ್ನದೆ ಕಡಲಹೂವಿನ ಬಾಯಿಗೆ ತುರುಕಿತು. ಅದು ಬಿತ್ತು. ಮೀನು ಮತ್ತೆ ಎತ್ತಿ ತುರುಕಿತು. ಮತ್ತೂ ಬಿತ್ತು.

ಹೆಂಡತಿಯ ದನಿ ಇಳಿಯಿತು. “ಇವತ್ತೊಂದು ದಿನ ಇರ್ಲಿ ಬಿಡ್ರಿ.”

ದರ್ಜಿ ಅಂಗಿಯ ತೋಳು ಮಡಚಿ, ಕಡಲಹೂವನ್ನು ತೆಗೆಯಲು ನೀರಿಗೆ ಕೈ ಇಳಿಸಿದ. ಹಿಡಿದ ಕೂಡಲೇ ಅದು ಲೋಳೆಯಾಗಿ ಬೆರಳುಗಳ ಸಂದಿಯಿಂದ ಜಾರಿತು. ಮೀನು ನುಗ್ಗಿಬಂದು ಅವನ ಕೈ ಕಚ್ಚತೊಡಗಿತು. ಕಚ್ಚಲಿ ಎಂದು ಅವನು ಕೈಯನ್ನು ಹಾಗೇ ಬಿಟ್ಟ.